ಹಳೇ ಎಫ್-150 ಪಿಕಪ್ ಆಗಾಗ ಲೀನ್ ಓಡುವ ಸಮಸ್ಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ನಮ್ಮವರಲ್ಲಿ ಮಣ್ಣು, ಮಲ್ಚ್, ಹಲಗೆ ಹೇರೋದಕ್ಕೆ ಅಂತ ಹಳೇ ಪಿಕಪ್ ಇಟ್ಟುಕೊಂಡವರು ಸಾಕಷ್ಟು ಜನ ಇದ್ದಾರೆ. ಗಾಡಿ ಗಟ್ಟಿ, ರೇಟು ಕಮ್ಮಿ, ಬಾನೆಟ್ ಕೆಳಗೆ ಕೈ ಹಾಕೋಕೆ ಜಾಗವೂ ಇದೆ. ಆದರೆ ಒಂದು ದಿನ ಚೆಕ್ ಎಂಜಿನ್ ಲೈಟ್ ಹತ್ತುತ್ತದೆ, ನಾಲ್ಕು ದಿನ ಬಿಟ್ಟು ಆರುತ್ತದೆ, ಮತ್ತೆ ಹತ್ತುತ್ತದೆ. ಈ ಪುಟ ಮುಖ್ಯವಾಗಿ 1997ರಿಂದ 2003ರವರೆಗಿನ ಫೋರ್ಡ್ ಎಫ್-150, ಅದರಲ್ಲೂ 4.6 ಮತ್ತು 5.4 ಲೀಟರ್ ಟ್ರೈಟನ್ ವಿ8 ಎಂಜಿನ್ ಇರುವವರಿಗೆ. ಬೇರೆ ಗಾಡಿಯವರಿಗೂ ಹುಡುಕುವ ದಾರಿ ಹೆಚ್ಚುಕಮ್ಮಿ ಇದೇ, ಭಾಗಗಳು ಕೂತಿರುವ ಜಾಗ ಮಾತ್ರ ಬೇರೆ.

ಲೀನ್ ಅಂದರೆ ಏನು?

ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಅಮೆರಿಕದ ಪಂಪ್‌ಗಳಲ್ಲಿ ಸಿಗುವ 10 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲಿಗೆ ಅದು 14.1ರ ಹತ್ತಿರ. ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ ಕೂತಿರುವ ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಆಕ್ಸಿಜನ್ ಉಳಿದಿದೆಯೇ ಅಂತ ನೋಡುತ್ತಲೇ ಇರುತ್ತದೆ. ಉಳಿದಿದ್ದರೆ ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಹಾಕಿಸುತ್ತದೆ. ಹಾಕಿಸಿ ಹಾಕಿಸಿ ಒಂದು ಮಿತಿ ಮುಟ್ಟಿದ ಮೇಲೂ ಸಾಲದೆ ಹೋದರೆ ಲೈಟ್ ಹತ್ತುತ್ತದೆ. ವಿ8ನ ಎರಡು ಸಾಲು ಸಿಲಿಂಡರ್‌ಗಳಲ್ಲಿ ಒಂದೊಂದು ಸಾಲಿಗೂ ಬ್ಯಾಂಕ್ ಅನ್ನುತ್ತಾರೆ. ಬ್ಯಾಂಕ್ 1ಕ್ಕೆ ಬರುವ ಕೋಡ್ ಪಿ0171, ಬ್ಯಾಂಕ್ 2ಕ್ಕೆ ಪಿ0174.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೋಡ್ ಹೇಳುವುದು "ಹೊಗೆಯಲ್ಲಿ ಆಕ್ಸಿಜನ್ ಜಾಸ್ತಿ ಕಂಡಿತು" ಅಂತ ಅಷ್ಟೇ. ಯಾವ ಭಾಗ ಕೆಟ್ಟಿದೆ ಅಂತ ಅದು ಹೇಳುವುದೇ ಇಲ್ಲ.

ಬ್ಯಾಂಕ್ 1 ಯಾವ ಕಡೆ?

ಒಂದನೇ ಸಿಲಿಂಡರ್ ಇರುವ ಕಡೆ. ಫೋರ್ಡ್ ವಿ8ಗಳಲ್ಲಿ ಅದು ಪ್ಯಾಸೆಂಜರ್ ಬದಿ. ಷೆವರ್ಲೆ ಪಿಕಪ್‌ನ ವಿ8ನಲ್ಲಿ ಡ್ರೈವರ್ ಬದಿ. ಇದು ಗೊತ್ತಿಲ್ಲದೆ ತಪ್ಪು ಕಡೆ ಬಿಚ್ಚಿದವರು ಬಹಳ.

ಲೈಟ್ ತಾನಾಗಿಯೇ ಆರಿಹೋಯ್ತು. ಸರಿಹೋಯ್ತು ಅಂತ ತಾನೇ?

ಅಲ್ಲ. ಸಾಮಾನ್ಯವಾಗಿ ಎರಡು ಓಟದಲ್ಲಿ ತಪ್ಪು ಕಂಡರೆ ಲೈಟ್ ಹತ್ತುತ್ತದೆ, ಅಂಥದ್ದೇ ಪರಿಸ್ಥಿತಿಯಲ್ಲಿ ಸತತ ಮೂರು ಓಟ ತಪ್ಪು ಕಾಣದಿದ್ದರೆ ಆರುತ್ತದೆ. ಅಂದರೆ ಆ ಮೂರು ಸಲ ಮಿತಿ ದಾಟಲಿಲ್ಲ ಅಂತಷ್ಟೇ ಅರ್ಥ. ಒಳಗೆ ಕೋಡ್ ಇನ್ನೂ ಉಳಿದಿರುತ್ತದೆ, ಸ್ಕ್ಯಾನರ್ ಹಾಕಿದರೆ ಸಿಗುತ್ತದೆ.

ಪಾರ್ಟ್ಸ್ ಅಂಗಡಿಯಲ್ಲಿ ಕೋಡ್ ಓದಿ "ಆಕ್ಸಿಜನ್ ಸೆನ್ಸರ್ ಬದಲಾಯಿಸಿ" ಅಂದರು. ಬದಲಾಯಿಸಲಾ?

ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ಪಿ0171 ಮತ್ತು ಪಿ0174 ಎರಡೂ ಒಟ್ಟಿಗೆ ಬಂದಿದ್ದರೆ, ಎರಡು ಕಡೆಯ ಸೆನ್ಸರ್‌ಗಳೂ ಮಾತಾಡಿಕೊಂಡು ಒಂದೇ ದಿನ ಕೆಟ್ಟಿರಲಿಕ್ಕಿಲ್ಲ, ಅಲ್ವಾ? ಎರಡೂ ಬ್ಯಾಂಕಿಗೆ ಸೇರಿದ ಒಂದು ಕಾರಣ ಇರಬೇಕು.

ಅನುಮಾನ ಇದ್ದರೆ ಸೆನ್ಸರನ್ನೇ ಪರೀಕ್ಷೆ ಮಾಡಿ. ಎಂಜಿನ್ ಬಿಸಿಯಾದ ಮೇಲೆ ಲೈವ್ ಡೇಟಾ ನೋಡುತ್ತಾ ಥ್ರಾಟಲ್ ಅನ್ನು ಪಟ್ ಅಂತ ಒತ್ತಿ ಬಿಡಿ. ಕನ್ವರ್ಟರ್‌ಗಿಂತ ಮುಂಚಿನ ಸೆನ್ಸರ್ 0.8 ವೋಲ್ಟ್ ದಾಟಿ ಮೇಲೆ ಹೋಗಿ, ಕಾಲು ತೆಗೆದಾಗ 0.2ಕ್ಕಿಂತ ಕೆಳಗೆ ಇಳಿಯಬೇಕು. ಚುರುಕಾಗಿ ಹೀಗೆ ಆಡುತ್ತಿದ್ದರೆ ಸೆನ್ಸರ್ ನಿಜ ಹೇಳುತ್ತಿದೆ.

ಕೋಡ್ ಅಳಿಸಿ ಮತ್ತೆ ಬರುತ್ತಾ ನೋಡಲಾ?

ದಯವಿಟ್ಟು ಮೊದಲೇ ಅಳಿಸಬೇಡಿ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ದಾಖಲೆ ಕೂತಿರುತ್ತದೆ. ತಪ್ಪು ಗೊತ್ತಾದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಆರ್‌ಪಿಎಂ ಎಷ್ಟು, ವೇಗ ಎಷ್ಟು, ಲೋಡ್ ಎಷ್ಟು, ಎಲ್ಲ ಅದರಲ್ಲಿ ಇರುತ್ತದೆ. ಕೋಡ್ ಅಳಿಸಿದರೆ ಇದೂ ಹೋಯಿತು, ಪೆಟ್ರೋಲನ್ನು ಎಷ್ಟು ಪರ್ಸೆಂಟ್ ಏರಿಸಬೇಕು, ಇಳಿಸಬೇಕು ಅಂತ ಕಂಪ್ಯೂಟರ್ ಕಲಿತಿದ್ದ ಟ್ರಿಮ್ ಲೆಕ್ಕವೂ ಹೋಯಿತು. ಆಗಾಗ ಬರುವ ಕಾಯಿಲೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಸಿಗೋದಿಲ್ಲ.

ಫ್ರೀಜ್ ಫ್ರೇಮ್‌ನಲ್ಲಿ 680 ಆರ್‌ಪಿಎಂ, ವೇಗ ಸೊನ್ನೆ, ಕೂಲಂಟ್ 195 ಡಿಗ್ರಿ ಫ್ಯಾರನ್‌ಹೀಟ್ ಅಂತ ಇದೆ ಅಂದುಕೊಳ್ಳಿ. ಗಾಡಿ ಬಿಸಿಯಾಗಿ, ಸಿಗ್ನಲ್‌ನಲ್ಲಿ ನಿಂತಿದ್ದಾಗ ತಪ್ಪು ಆಗಿದೆ. ಗಾಳಿ ಸೋರಿಕೆ ಕಡೆ ಹೋಗಿ. ಅದೇ 2,400 ಆರ್‌ಪಿಎಂ, 62 ಮೈಲಿ ವೇಗ, ಲೋಡ್ 80 ಪರ್ಸೆಂಟ್ ಅಂತ ಇದ್ದರೆ ದಿಬ್ಬ ಹತ್ತುವಾಗಲೋ ಟ್ರೇಲರ್ ಎಳೆಯುವಾಗಲೋ ಆಗಿದೆ. ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಗಾಳಿ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿದೆ. ಬಾನೆಟ್ ಎತ್ತುವ ಮೊದಲೇ ಅರ್ಧ ದಾರಿ ಸವೆಯಿತು. ಸ್ಕ್ರೀನಿನ ಫೋಟೋ ತೆಗೆದಿಟ್ಟುಕೊಳ್ಳಿ.

ಮೆಕ್ಯಾನಿಕ್ ಹತ್ರ ತೆಗೆದುಕೊಂಡು ಹೋದಾಗ ಗಾಡಿ ಸರಿಯಾಗೇ ಇರುತ್ತೆ. ಇದನ್ನು ಹಿಡಿಯೋದು ಹೇಗೆ?

"ಯಾವ ಪಾರ್ಟ್?" ಅಂತ ಕೇಳೋದು ಬಿಟ್ಟು "ಯಾವಾಗ?" ಅಂತ ಕೇಳಿ. ಬಂದು ಹೋಗುವ ತಪ್ಪಿಗೂ ಅದರದೇ ಹೊತ್ತು ಅಂತ ಇರುತ್ತದೆ. ಡ್ಯಾಷ್‌ಬೋರ್ಡ್ ಮೇಲೆ ಒಂದು ಚೀಟಿ ಇಟ್ಟು ಬರೆಯುತ್ತಾ ಹೋಗಿ, ನಾಲ್ಕಾರು ಸಲಕ್ಕೇ ಜಾಡು ಸಿಗುತ್ತದೆ.

ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಐಡ್ಲಿಂಗ್ ಕುಂಟುತ್ತಾ, ಎಂಜಿನ್ ಬಿಸಿಯಾದ ಮೇಲೆ ಸರಿಹೋಗುತ್ತಾ? ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ. ಹಳೇ ರಬ್ಬರ್ ಚಳಿಗೆ ಕುಗ್ಗಿ ಗಟ್ಟಿಯಾಗುತ್ತದೆ, ಸಂದಿನಲ್ಲಿ ಗಾಳಿ ಒಳಗೆ ಹೋಗುತ್ತದೆ, ಬಿಸಿಯಾದ ಮೇಲೆ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನ ಗ್ಯಾರೇಜಿಗೆ ಹೋದರೆ ಏನೂ ಸಿಗದಿರುವುದು ಇದಕ್ಕೇ. ಫೋರ್ಡ್ ರೇಂಜರ್‌ನ 4.0 ಲೀಟರ್ ವಿ6 ಎಂಜಿನ್ ಈ ಚಳಿ ಕಾಯಿಲೆಗೆ ಹೆಸರುವಾಸಿ.

ಬ್ರೇಕ್ ಒತ್ತಿ ನಿಂತಾಗ ಮಾತ್ರ ಐಡ್ಲಿಂಗ್ ಬದಲಾಗುತ್ತಾ, ಪೆಡಲ್ ಹತ್ತಿರ ಬುಸ್ ಅನ್ನುವ ಸದ್ದು ಬರುತ್ತಾ? ಪೆಡಲ್ ಒತ್ತಲು ಬಲ ಕೊಡುವ ಬ್ರೇಕ್ ಬೂಸ್ಟರ್ ಸೋರುತ್ತಿದೆ. ಇದನ್ನು ಮುಂದೂಡಬೇಡಿ, ಬ್ರೇಕ್ ವಿಷಯ.

ಪೆಟ್ರೋಲ್ ತುಂಬಿಸಿದ ಮೇಲೆ ಒಂದಷ್ಟು ಹೊತ್ತು ಮುಗ್ಗರಿಸುತ್ತಾ? ಪರ್ಜ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಅನ್ನಿಸುತ್ತದೆ. ಟ್ಯಾಂಕಿನ ಆವಿಯನ್ನು ಎಂಜಿನ್‌ಗೆ ಬಿಡುವ ವಾಲ್ವ್ ಅದು. ಬಾಯಿ ತೆರೆದು ಕೂತರೆ ಒಂದು ದಿನ ಬರೀ ಗಾಳಿ ಎಳೆದು ಲೀನ್, ಇನ್ನೊಂದು ದಿನ ಆವಿ ಎಳೆದು ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಅದಕ್ಕೇ ಲೈಟಿಗೆ ತಾಳ ತಂತಿ ಇರೋದಿಲ್ಲ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಪರ್ಜ್ ಪೈಪನ್ನು ಇನ್‌ಟೇಕ್ ಕಡೆ ಮೆತ್ತಗೆ ಚಿಮಟಿ ಹಿಡಿದು ಟ್ರಿಮ್ ಇಳಿಯುತ್ತಾ ನೋಡಿ.

ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಬಂದಾಗ, ಅದೂ ಬೇಸಿಗೆಯಲ್ಲಿ, ದಿಬ್ಬದಲ್ಲಿ ಜಗ್ಗುತ್ತಾ? ಫ್ಯುಯೆಲ್ ಪಂಪ್ ಸುಸ್ತಾಗಿದೆ. ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ.

ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಎಸಿ ಗಾಳಿ ಮುಖಕ್ಕೆ ಬರೋದು ಬಿಟ್ಟು ತಾನಾಗಿ ಮುಂದಿನ ಗಾಜಿಗೆ ಹೊಡೆಯುತ್ತಾ? ಇದು ನನಗೆ ತುಂಬ ಇಷ್ಟವಾದ ಸುಳಿವು. ಈ ಗಾಡಿಯಲ್ಲಿ ಗಾಳಿಯ ದಿಕ್ಕು ಬದಲಿಸುವ ಬಾಗಿಲುಗಳು ವ್ಯಾಕ್ಯೂಮ್, ಅಂದರೆ ಎಂಜಿನ್ ಗಾಳಿ ಎಳೆಯುವಾಗ ಹುಟ್ಟುವ ಹೀರುವ ಬಲದಿಂದ ಆಡುತ್ತವೆ. ವ್ಯಾಕ್ಯೂಮ್ ಕಮ್ಮಿಯಾದರೆ ಅವು ಡೀಫ್ರಾಸ್ಟ್ ಕಡೆಗೇ ಬೀಳುವಂತೆ ಮಾಡಿದ್ದಾರೆ. ಅಂದರೆ ಎಲ್ಲೋ ಒಂದು ವ್ಯಾಕ್ಯೂಮ್ ಪೈಪ್ ಸೀಳಿದೆ, ಅಥವಾ ಚೆಕ್ ವಾಲ್ವ್ ಕೆಟ್ಟಿದೆ. ದುಡ್ಡು ಖರ್ಚಿಲ್ಲದೆ ಸಿಕ್ಕ ವಿಷಯ. ಫೋರ್ ಬೈ ಫೋರ್ ಗಾಡಿಯಾದರೆ ಮುಂದಿನ ಆಕ್ಸಲ್‌ಗೆ ಹೋಗುವ ಸಣ್ಣ ಪೈಪ್‌ಗಳನ್ನೂ ಬಿಡಬೇಡಿ, ಬ್ಯಾಟರಿ ಹತ್ತಿರ ಅವು ಒಣಗಿ ಮುರಿದಿರುತ್ತವೆ.

ಫ್ಯುಯೆಲ್ ಟ್ರಿಮ್ ಓದೋದು ಹೇಗೆ?

ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಎಲ್ಲ ಕಾರು, ಪಿಕಪ್‌ಗಳಿಗೂ ಒಬಿಡಿ-2 (ಕೋಡ್, ಡೇಟಾ ಓದುವ ವ್ಯವಸ್ಥೆ) ಕಡ್ಡಾಯ. ಬ್ಲೂಟೂತ್ ಅಡಾಪ್ಟರ್ ಹಾಕಿ ಫೋನಿನಲ್ಲೇ ನೋಡಬಹುದು. ಒಂದು ಎಚ್ಚರಿಕೆ: ತೀರಾ ಅಗ್ಗದ ನಕಲಿ ಅಡಾಪ್ಟರ್‌ಗಳು ಹಳೇ ಫೋರ್ಡ್ ಮಾತಾಡುವ ಭಾಷೆಗೆ ಕನೆಕ್ಟ್ ಆಗೋದಿಲ್ಲ. ಕೊಳ್ಳುವ ಮುಂಚೆ ಕೇಳಿ.

ಟ್ರಿಮ್ ಎರಡು ಥರ. ಶಾರ್ಟ್ ಟರ್ಮ್ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಲಾಂಗ್ ಟರ್ಮ್ ನಿಧಾನವಾಗಿ ಕಲಿಯುತ್ತದೆ. ಎರಡನ್ನೂ ಕೂಡಿ. ಮೊತ್ತ 10 ಪರ್ಸೆಂಟ್ ಒಳಗಿದ್ದರೆ ಈ ವಯಸ್ಸಿನ ಗಾಡಿಗೆ ಚಿಂತೆ ಇಲ್ಲ. ಪ್ಲಸ್ 20, 25ರ ಹತ್ತಿರ ಹೋದರೆ ಕಂಪ್ಯೂಟರ್ ಏದುಸಿರು ಬಿಡುತ್ತಿದೆ.

ಒಂದೇ ಜಾಗದಲ್ಲಿ ಓದಿದರೆ ಸಾಲದು. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಒಮ್ಮೆ, ನಿಂತಲ್ಲೇ 2,500 ಆರ್‌ಪಿಎಂಗೆ ಏರಿಸಿ ಒಮ್ಮೆ, ರಸ್ತೆಯಲ್ಲಿ ಲೋಡ್ ಬಿದ್ದಾಗ ಒಮ್ಮೆ ಓದಬೇಕು. ರಸ್ತೆಯಲ್ಲಿ ಫೋನ್ ನೋಡೋದು ಪಕ್ಕದಲ್ಲಿ ಕೂತವರ ಕೆಲಸ, ಅಥವಾ ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿ ಮನೆಗೆ ಬಂದು ನೋಡಿ.

ಐಡ್ಲಿಂಗ್‌ನಲ್ಲಿ ಪ್ಲಸ್ 22 ಇದ್ದದ್ದು 2,500ರಲ್ಲಿ ಪ್ಲಸ್ 5ಕ್ಕೆ ಇಳಿದರೆ ಅದು ವ್ಯಾಕ್ಯೂಮ್ ಲೀಕ್, ಹೆಚ್ಚು ಯೋಚನೆ ಬೇಡ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಸ್ವಲ್ಪ, ಅದರಲ್ಲಿ ಲೆಕ್ಕಕ್ಕೆ ಸಿಗದೆ ನುಗ್ಗುವ ಗಾಳಿಯ ಪಾಲು ದೊಡ್ಡದು. ಥ್ರಾಟಲ್ ತೆರೆದಂತೆ ಒಟ್ಟು ಗಾಳಿ ಹೆಚ್ಚಿ, ಕದ್ದ ಗಾಳಿಯ ಪಾಲು ನಗಣ್ಯ ಆಗುತ್ತದೆ. ಐಡ್ಲಿಂಗ್‌ನಲ್ಲಿ ಎಲ್ಲ ಸರಿ ಇದ್ದು ಲೋಡ್ ಬಿದ್ದಾಗ ಪ್ಲಸ್ 20 ಆದರೆ ಪೆಟ್ರೋಲ್ ಪೂರೈಕೆ ಅಥವಾ ಒಳಬರುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್. ಒಂದೇ ಬ್ಯಾಂಕ್ ಏರಿದ್ದರೆ ಆ ಬದಿಯ ಗ್ಯಾಸ್ಕೆಟ್, ಇಂಜೆಕ್ಟರ್, ಇಲ್ಲವೇ ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಸೋರಿಕೆ.

ಈ ಗಾಡಿಯಲ್ಲಿ ಮೊದಲು ಎಲ್ಲಿ ಕೈ ಹಾಕಬೇಕು?

ಪಿಸಿವಿ ಪೈಪಿನ (ಎಂಜಿನ್ ಒಳಗಿನ ಎಣ್ಣೆ ಆವಿಯನ್ನು ಇನ್‌ಟೇಕ್‌ಗೆ ಒಯ್ಯುವ ಪೈಪ್) ಬಾಗಿದ ರಬ್ಬರ್ ಎಲ್ಬೋಗೆ. ಥ್ರಾಟಲ್ ಬಾಡಿಯ ಹಿಂಬದಿ, ಕ್ಯಾಬಿನ್ ಮುಂದಿನ ಗೋಡೆಯ (ಫೈರ್‌ವಾಲ್) ಕಡೆ, ಕಣ್ಣಿಗೆ ಸುಲಭವಾಗಿ ಬೀಳದ ಜಾಗದಲ್ಲಿ ಅದು ಇನ್‌ಟೇಕ್‌ಗೆ ಸೇರುತ್ತದೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಕೈ ಹಿಂದೆ ಚಾಚಿ ಮುಟ್ಟಿ ನೋಡಿ. ಒಳ್ಳೆಯ ರಬ್ಬರ್ ಗಟ್ಟಿಯಾಗಿ ಬೆರಳಿಗೆ ಎದುರು ಒತ್ತುತ್ತದೆ. ಕೆಟ್ಟದ್ದು ಎಣ್ಣೆ ಹೀರಿ ಪಿಚಕ್ ಅಂತ ಒಳಗೆ ಹೋಗುತ್ತದೆ, ಬೆರಳಿಗೆ ಕಪ್ಪು ಮಸಿ ಅಂಟುತ್ತದೆ. ಸೀಳು ಯಾವಾಗಲೂ ಬಾಗಿದ ಜಾಗದ ಅಡಿಯಲ್ಲೇ ಇರುತ್ತದೆ, ಮೇಲಿಂದ ನೋಡಿದರೆ ಹೊಸದರಂತೆ ಕಾಣುತ್ತದೆ. ಬೇಕಾದರೆ ಸಣ್ಣ ಕನ್ನಡಿ ಹಿಡಿಯಿರಿ.

ಇದು ಆಗಾಗ ಮಾತ್ರ ತೊಂದರೆ ಕೊಡುವುದು ಯಾಕೆ ಅಂದರೆ, ಮೆತ್ತಗಾದ ರಬ್ಬರ್ ಕೆಲವೊಮ್ಮೆ ವ್ಯಾಕ್ಯೂಮ್‌ಗೆ ಒಳಸೇರಿ ತಾನೇ ಸೀಳು ಮುಚ್ಚಿಕೊಳ್ಳುತ್ತದೆ, ಗೇರ್ ಹಾಕಿ ಎಂಜಿನ್ ಅಲುಗಾಡಿದಾಗ ಮತ್ತೆ ಬಾಯಿ ಬಿಡುತ್ತದೆ. ಪಾರ್ಟ್ ಅಗ್ಗ. ನನ್ನ ಕೇಳಿದರೆ ಈ ವಯಸ್ಸಿನ ಗಾಡಿಯಲ್ಲಿ ಅದನ್ನು ಪರೀಕ್ಷೆ ಕೂಡ ಮಾಡದೆ ಬದಲಾಯಿಸಿಬಿಡಬಹುದು. ಕಣ್ಣು ಮುಚ್ಚಿ ಬದಲಾಯಿಸಿ ಅಂತ ನಾನು ಹೇಳುವ ಪಾರ್ಟ್ ಇದೊಂದೇ.

ಸ್ಪ್ರೇ ಹೊಡೆದು ಲೀಕ್ ಹುಡುಕಬಹುದಾ?

ಹಳೇ ಮೆಕ್ಯಾನಿಕ್‌ಗಳು ಕಾರ್ಬ್ ಕ್ಲೀನರ್ ಹೊಡೆದೇ ಹುಡುಕುತ್ತಿದ್ದರು. ಲೀಕ್ ಇರುವ ಜಾಗಕ್ಕೆ ತಾಗಿದರೆ ಆರ್‌ಪಿಎಂ ಬದಲಾಗುತ್ತದೆ. ಕೆಲಸ ಮಾಡುತ್ತದೆ, ಆದರೆ ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಬೆಂಕಿ ಹತ್ತುವ ದ್ರವ ಅದು. ಹೊಡೆಯಲೇಬೇಕು ಅಂದರೆ ತಣ್ಣಗಿರುವ ಎಂಜಿನ್, ಚೂರೇ ಚೂರು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಕ್ಲೋರಿನ್ ಇರುವ ಬ್ರೇಕ್ ಕ್ಲೀನರನ್ನು ಮಾತ್ರ ಮುಟ್ಟಲೇಬೇಡಿ. ಅದು ಬಿಸಿಗೆ ಉರಿದರೆ ಫಾಸ್ಜೀನ್ ಅನ್ನುವ ವಿಷಗಾಳಿ ಬರಬಹುದು.

ಸ್ಮೋಕ್ ಟೆಸ್ಟ್ ಇದಕ್ಕಿಂತ ಸಾವಿರ ಪಾಲು ಮೇಲು. ಎಂಜಿನ್ ಆರಿಸಿ ಇನ್‌ಟೇಕ್ ಒಳಗೆ ಸಣ್ಣ ಒತ್ತಡದಲ್ಲಿ ಹೊಗೆ ಬಿಡುತ್ತಾರೆ, ಸೀಳಿದ್ದ ಕಡೆ ಅದು ಎಳೆ ಎಳೆಯಾಗಿ ಹೊರಗೆ ಬರುತ್ತದೆ. ಚಳಿಯಲ್ಲಿ ಮಾತ್ರ ಬರುವ ಲೀಕ್ ಆದರೆ ಗಾಡಿಯನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನ ಹೊರಗೆ ಬಿಟ್ಟು, ಬೆಳಗ್ಗೆ ಸ್ಟಾರ್ಟ್ ಮಾಡದೆ ಟೆಸ್ಟ್ ಮಾಡಲು ಹೇಳಿ.

ಎಂಎಎಫ್ ಸೆನ್ಸರ್ ಕೊಳೆಯಾಗಿದೆ ಅಂತ ಗೊತ್ತಾಗೋದು ಹೇಗೆ?

ಅದರೊಳಗೆ ಕೂದಲೆಳೆಯಷ್ಟು ತೆಳುವಾದ ಬಿಸಿ ತಂತಿ ಇದೆ. ಗಾಳಿ ಅದನ್ನು ಎಷ್ಟು ತಣ್ಣಗೆ ಮಾಡುತ್ತದೆ ಅನ್ನುವುದರ ಮೇಲೆ ಲೆಕ್ಕ. ಧೂಳು, ಎಣ್ಣೆ ಮೆತ್ತಿದರೆ ಇರುವುದಕ್ಕಿಂತ ಕಮ್ಮಿ ಗಾಳಿ ಅಂತ ಹೇಳುತ್ತದೆ, ಕಂಪ್ಯೂಟರ್ ಕಮ್ಮಿ ಪೆಟ್ರೋಲ್ ಹಾಕುತ್ತದೆ. ಎಣ್ಣೆ ಹಾಕಿ ಮರುಬಳಕೆ ಮಾಡುವ ಏರ್ ಫಿಲ್ಟರ್ ಇದ್ದರೆ ಅನುಮಾನ ಜಾಸ್ತಿ.

ಸ್ಥೂಲ ಲೆಕ್ಕ ಒಂದಿದೆ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಲೀಟರಿಗೆ ಸೆಕೆಂಡಿಗೆ ಸುಮಾರು ಒಂದು ಗ್ರಾಂ ಗಾಳಿ. 4.6 ಲೀಟರ್ ಎಂಜಿನ್ ನಾಲ್ಕೂವರೆ, ಐದು ಗ್ರಾಂ ತೋರಿಸಬೇಕು. ಇನ್ನೂ ಮಜವಾದ ಪರೀಕ್ಷೆ ಬಾರೋ ರೀಡಿಂಗ್. ಈ ಫೋರ್ಡ್‌ಗಳು ಹೊರಗಿನ ವಾಯುಭಾರವನ್ನು ಅಳೆಯೋದಿಲ್ಲ, ಜೋರಾಗಿ ಓಡಿಸಿದಾಗ ಎಂಎಎಫ್ ಹೇಳಿದ್ದನ್ನು ನಂಬಿ ಊಹೆ ಮಾಡುತ್ತವೆ. ಸಮುದ್ರ ಮಟ್ಟದಲ್ಲಿ ಅದು 29, 30 ಇಂಚು ಪಾದರಸದ ಹತ್ತಿರ ಇರಬೇಕು, 5,280 ಅಡಿ ಎತ್ತರದ ಡೆನ್ವರ್‌ನಲ್ಲಿ 24, 25. ನೀವು ಹ್ಯೂಸ್ಟನ್‌ನಲ್ಲಿದ್ದು ಗಾಡಿ ಮಾತ್ರ ತಾನು ಡೆನ್ವರ್‌ನಲ್ಲಿದ್ದೇನೆ ಅಂದುಕೊಂಡಿದ್ದರೆ ಎಂಎಎಫ್ ಕಮ್ಮಿ ಹೇಳುತ್ತಿದೆ, ಇಲ್ಲವೇ ಎಕ್ಸಾಸ್ಟ್ ಕಟ್ಟಿಕೊಂಡಿದೆ.

ಶುಚಿ ಮಾಡಲು ಎಂಎಎಫ್ ಕ್ಲೀನರ್ ಅಂತಲೇ ಸಿಗುವ ಸ್ಪ್ರೇ ಬಳಸಿ. ಬಟ್ಟೆ, ಇಯರ್ ಬಡ್ ತಾಗಿಸಬೇಡಿ. ಪೂರ್ತಿ ಒಣಗಿದ ಮೇಲೆ ಕೂರಿಸಿ.

ಫ್ಯುಯೆಲ್ ಪಂಪ್ ಅಂತ ಅನುಮಾನ. ಬದಲಾಯಿಸೋಕೆ ಟ್ಯಾಂಕ್ ಇಳಿಸಬೇಕು. ಖಾತ್ರಿ ಮಾಡಿಕೊಳ್ಳೋದು ಹೇಗೆ?

ಮೊದಲು ಫಿಲ್ಟರ್. ಡ್ರೈವರ್ ಬದಿಯ ಫ್ರೇಮ್ ರೈಲಿನ ಒಳಗೆ ಇದೆ, ಬಹಳಷ್ಟು ಗಾಡಿಗಳಲ್ಲಿ ಯಾರೂ ಅದನ್ನು ಬದಲಾಯಿಸಿಯೇ ಇರೋದಿಲ್ಲ. ಪೈಪಿನಲ್ಲಿ ಒತ್ತಡ ಇರುತ್ತದೆ, ಅದನ್ನು ಇಳಿಸಿಯೇ ಬಿಚ್ಚಿ.

ಆಮೇಲೆ ಫ್ಯುಯೆಲ್ ರೈಲಿಗೆ ಗೇಜ್. ಈ ಎಂಜಿನ್‌ಗಳಿಗೆ ಸುಮಾರು 30ರಿಂದ 45 ಪಿಎಸ್‌ಐ ನಡುವೆ ಇರಬೇಕು. ನಿಂತಲ್ಲಿ ಸರಿ ತೋರಿಸಿದರೆ ಪಂಪ್ ಪಾಸಾಯಿತು ಅಂತಲ್ಲ. ಉದ್ದ ಪೈಪಿನ ಗೇಜನ್ನು ಮುಂದಿನ ಗಾಜಿನ ಹೊರಗೆ ಟೇಪ್ ಹಾಕಿ ಅಂಟಿಸಿ, ದಿಬ್ಬ ಹತ್ತಿಸಿ. ಪೆಟ್ರೋಲ್ ಇರುವ ಗೇಜ್ ಯಾವತ್ತೂ ಕ್ಯಾಬಿನ್ ಒಳಗೆ ಬರಬಾರದು. ಆಕ್ಸಿಲರೇಟರ್ ಒತ್ತಿದಾಗ ಒತ್ತಡ ಏರಬೇಕು ಅಥವಾ ನಿಂತಲ್ಲೇ ನಿಲ್ಲಬೇಕು. ಜಗ್ಗುವ ಹೊತ್ತಿಗೇ ಮುಳ್ಳು ಕೆಳಗೆ ಬಿದ್ದರೆ ಕಳ್ಳ ಸಿಕ್ಕಿದ.

ಆದರೂ ಪಂಪ್ ಕೊಳ್ಳುವ ಮುಂಚೆ ಟ್ಯಾಂಕಿನ ಕನೆಕ್ಟರ್‌ನಲ್ಲಿ, ಪಂಪ್ ಓಡುತ್ತಿರುವಾಗಲೇ ವೋಲ್ಟೇಜ್ ನೋಡಿ. ಬ್ಯಾಟರಿ ವೋಲ್ಟೇಜಿಗಿಂತ ಒಂದು ವೋಲ್ಟ್‌ಗೂ ಮೀರಿ ಕೆಳಗಿದ್ದರೆ ತಪ್ಪು ವೈರಿನದು, ಅರ್ತ್‌ನದು, ರಿಲೇಯದು. ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಇದು ತುಂಬ ಸಾಮಾನ್ಯ. 2004ರಿಂದ 2008ರ ಎಫ್-150 ಇದ್ದವರು ಸ್ಟೆಪ್ನಿ ಟೈರ್ ಮೇಲ್ಗಡೆ ಫ್ರೇಮಿಗೆ ಬೋಲ್ಟ್ ಮಾಡಿರುವ ಫ್ಯುಯೆಲ್ ಪಂಪ್ ಮಾಡ್ಯೂಲ್ ನೋಡಿ. ಅದರ ಅಲ್ಯೂಮಿನಿಯಂ ಕವಚ ತುಕ್ಕು ಹಿಡಿದು ನೀರು ಒಳಗೆ ಹೋಗುತ್ತದೆ.

ಬೆಳಗ್ಗೆ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಇಲ್ಲ. ಇದಕ್ಕೂ ಲೀನ್ ಕೋಡಿಗೂ ಸಂಬಂಧ ಇದೆಯಾ?

ಇರಬಹುದು. ಟ್ರೈಟನ್ ಎಂಜಿನ್‌ಗಳ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟಡ್‌ಗಳು ತುಕ್ಕು ಹಿಡಿದು ಮುರಿಯುತ್ತವೆ. ಹೊಗೆ ಹೊರಗೆ ಹೋಗುವ ಜಾಗದಲ್ಲೇ, ಎರಡು ಬಡಿತಗಳ ನಡುವೆ ಹೊರಗಿನ ಗಾಳಿ ಒಳಗೂ ಎಳೆದುಕೊಳ್ಳುತ್ತದೆ. ಸೆನ್ಸರ್ ಆ ಆಕ್ಸಿಜನ್ ನೋಡಿ ಲೀನ್ ಅನ್ನುತ್ತದೆ. ಎಂಜಿನ್ ಲೀನ್ ಇರೋದೇ ಇಲ್ಲ, ಕಂಪ್ಯೂಟರ್ ಸುಮ್ನೆ ಪೆಟ್ರೋಲ್ ಸುರಿಯುತ್ತದೆ. ಲೋಹ ಹಿಗ್ಗಿದಾಗ ಸಂದು ಮುಚ್ಚಿ ಸದ್ದು, ಕೋಡ್ ಎರಡೂ ಮಾಯ. ಮಿಸ್ ಹೊಡೆಯುವ ಸಿಲಿಂಡರ್ ಕೂಡ ಹೀಗೇ ಮೋಸ ಮಾಡುತ್ತದೆ: ಉರಿಯದೆ ಹೊರಬಿದ್ದ ಗಾಳಿಯ ಆಕ್ಸಿಜನ್ ಸೆನ್ಸರಿಗೆ ಕಾಣುತ್ತದೆ, ಉರಿಯದ ಪೆಟ್ರೋಲ್ ಕಾಣೋದಿಲ್ಲ. ಪಿ0300 ಸರಣಿಯ (ಮಿಸ್‌ಫೈರ್) ಕೋಡ್ ಜೊತೆಗಿದ್ದರೆ ಕಾಯಿಲ್, ಪ್ಲಗ್ ಮೊದಲು ನೋಡಿ.

ಅಲ್ಲಿಯವರೆಗೆ ಗಾಡಿ ಓಡಿಸಬಹುದಾ?

ಐಡ್ಲಿಂಗ್‌ನಲ್ಲಿ ಮಾತ್ರ ಲೀನ್ ಆದರೆ ಹತ್ತಿರದ ಓಡಾಟಕ್ಕೆ ಅಡ್ಡಿ ಇಲ್ಲ. ಲೋಡ್‌ನಲ್ಲಿ ಲೀನ್ ಆದರೆ ಟ್ರೇಲರ್ ಎಳೆಯಬೇಡಿ. ಪೆಟ್ರೋಲ್ ಸಾಲದೆ ಎಳೆದರೆ ನಾಕಿಂಗ್ ಶುರುವಾಗಿ ಪಿಸ್ಟನ್, ವಾಲ್ವ್ ಸುಡಬಹುದು. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ, ಅದು ಕ್ಯಾಟಲಿಟಿಕ್ ಕನ್ವರ್ಟರ್ ಸುಡುವ ಮಟ್ಟದ ಮಿಸ್‌ಫೈರ್.

ಬಹುಪಾಲು ಎಥನಾಲ್ ಇರುವ ಇ85 ತುಂಬಿಸಿಬಿಟ್ಟೆವು. ಅದಕ್ಕೇ ಬಂತಾ?

ಫ್ಲೆಕ್ಸ್ ಫ್ಯುಯೆಲ್ ಗಾಡಿ ಅಲ್ಲದಿದ್ದರೆ ಹೌದು. ಇ85ಗೆ ಒಂದು ಗ್ರಾಂಗೆ 9.8 ಗ್ರಾಂ ಗಾಳಿ ಸಾಕು, ಅಂದರೆ ಅದೇ ಗಾಳಿಗೆ ಇನ್ನೂ ಎಷ್ಟೋ ಜಾಸ್ತಿ ಇಂಧನ ಬೇಕು. ಟ್ರಿಮ್‌ಗೆ ಅಷ್ಟು ಕೈ ಎಟುಕೋದಿಲ್ಲ.

ಊರಲ್ಲಿ ಅಪ್ಪನ ಪಿಕಪ್ ಇದೆ. ಅದಕ್ಕೂ ಇದೇನಾ?

ಬೊಲೆರೊ ಥರದ ಡೀಸೆಲ್ ಪಿಕಪ್ ಆದರೆ ಈ ಪುಟ ಮರೆತುಬಿಡಿ. ಡೀಸೆಲ್ ಎಂಜಿನ್ ಯಾವಾಗಲೂ ಬೇಕಿದ್ದಕ್ಕಿಂತ ಜಾಸ್ತಿ ಗಾಳಿಯಲ್ಲೇ ಓಡುತ್ತದೆ. ಪೆಟ್ರೋಲ್ ಇಂಜೆಕ್ಷನ್ ಗಾಡಿ ಆದರೆ ಎಂಎಎಫ್ ಇದೆಯೋ ಎಂಎಪಿ (ಇನ್‌ಟೇಕ್ ಒಳಗಿನ ಒತ್ತಡ ಅಳೆಯುವ ಸೆನ್ಸರ್) ಇದೆಯೋ ನೋಡಿ. ಎಂಎಪಿ ಗಾಡಿಯಲ್ಲಿ ವ್ಯಾಕ್ಯೂಮ್ ಲೀಕ್ ಆದರೆ ಒಳನುಗ್ಗಿದ ಗಾಳಿಯೂ ಲೆಕ್ಕಕ್ಕೆ ಸಿಗುತ್ತದೆ. ಹಾಗಾಗಿ ಲೀನ್ ಆಗುವ ಬದಲು ಐಡ್ಲಿಂಗ್ ಏರಿ ಕೂರುತ್ತದೆ.

ರಿಪೇರಿ ಸರಿಯಾಗಿದೆ ಅಂತ ಯಾವಾಗ ನಂಬಬಹುದು?

ಈಗ ಕೋಡ್ ಅಳಿಸಿ. ಲಾಂಗ್ ಟರ್ಮ್ ಟ್ರಿಮ್ ಸೊನ್ನೆಯಿಂದ ಮತ್ತೆ ಕಲಿಯುತ್ತದೆ. ಮೊದಲಿನ ಹಾಗೇ ಐಡ್ಲಿಂಗ್, 2,500, ಲೋಡ್ ಮೂರರಲ್ಲೂ ಓದಿ ಹಳೇ ಅಂಕಿ ಪಕ್ಕ ಬರೆದುಕೊಳ್ಳಿ. ಎಮಿಷನ್ ಟೆಸ್ಟ್ ಇರುವ ರಾಜ್ಯದವರು ಕೋಡ್ ಅಳಿಸಿದ ಮರುದಿನವೇ ಟೆಸ್ಟಿಗೆ ಹೋಗಬೇಡಿ, ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಪರೀಕ್ಷೆಗಳು (ರೆಡಿನೆಸ್ ಮಾನಿಟರ್‌ಗಳು) ಪೂರ್ತಿ ಆಗದೆ ವಾಪಸ್ ಕಳಿಸುತ್ತಾರೆ. ಚಳಿಯಲ್ಲಿ ಬರುತ್ತಿದ್ದ ತಪ್ಪನ್ನು ಜುಲೈನಲ್ಲಿ ರಿಪೇರಿ ಮಾಡಿಸಿದ್ದರೆ ಮೆಕ್ಯಾನಿಕ್‌ನ ಬಿಲ್ಲನ್ನು ಜನವರಿವರೆಗೆ ಎತ್ತಿಟ್ಟುಕೊಳ್ಳಿ.